ಛೀಯಕ್ಕನ ದೊಡ್ಡ ಬಾಲ

ಲಾಂಡ್ರಿಯ ಹೆಂಗಸಿಗೆ ಬೀದಿಯವರು ಇಟ್ಟ ಹೆಸರು ಛೀಯಕ್ಕ. ಇಡದೆ ಇನ್ನೇನು ಮಾಡುತ್ತಾರೆ? ಬೆಳಗ್ಗೆ ಅಂಗಡಿಯ ಬಾಗಿಲು ತೆಗೆದಾಗಿನಿಂದ ಅವಳ ಬಾಯಲ್ಲಿ ಅದೊಂದೇ ಮಾತು. ಜೇಬಿನಲ್ಲಿ ಕರಗಿದ ಚಾಕೊಲೇಟು ಸಿಕ್ಕರೆ ಛೀ, ಕಾಲರಿನ ಜಿಡ್ಡಿಗೆ ಛೀ, ವಕೀಲರ ಕೋಟಿನ ತೋಳಿನಲ್ಲಿ ಮೂಗೊರೆಸಿದ ಗುರುತು ಕಂಡರೆ ಎರಡೆರಡು ಸಲ ಛೀ. ಇಡೀ ಪೇಟೆಯ ಕೊಳೆ ಅವಳ ಕೈಮೇಲೆಯೇ ಹಾದುಹೋಗುತ್ತಿತ್ತು. ಹೇಸಿಕೊಳ್ಳುವ ಹಕ್ಕು ಅವಳಿಗಲ್ಲದೆ ಇನ್ಯಾರಿಗೆ? ಒಳಕೋಣೆಯಲ್ಲಿ ಇಸ್ತ್ರಿ ಹಾಕುತ್ತಿದ್ದ ಗಂಡ, "ಬೋಣಿ ಆಯ್ತು ನೋಡಪ್ಪ" ಎಂದು ಒಬ್ಬನೇ ನಗುತ್ತಿದ್ದ.

ಅವಳು ಛೀ ಅನ್ನದಿದ್ದದ್ದು ಒಂದಕ್ಕೇ, ನೀರಿಗೆ. ಕನ್ನಡಕದ ಅಂಗಡಿ ಇಟ್ಟಿದ್ದ ಮೈದುನ ಹೈಡ್ರೋಫಾಯಿಲ್ ಹಲಗೆಯ ಹುಚ್ಚು ಹತ್ತಿಸಿಕೊಂಡಿದ್ದ. ಒಂದು ದಿನ ತಮಾಷೆಗೆ ಅತ್ತಿಗೆಯನ್ನೂ ಕರೆದುಕೊಂಡು ಹೋದ. ಹಲಗೆಯ ಕೆಳಗೊಂದು ಕಂಬ, ಕಂಬದ ಬುಡದಲ್ಲಿ ಮುಂದೊಂದು ದೊಡ್ಡ ರೆಕ್ಕೆ, ಹಿಂದೊಂದು ಪುಟ್ಟ ಬಾಲದ ರೆಕ್ಕೆ. ಗಾಳಿಗೆ ಬೆನ್ನುಮಾಡಿ, ನಿಂತುಕೊಂಡು ಹುಟ್ಟು ಹಾಕುತ್ತಾ ಅಲೆಯ ಬೆನ್ನು ಹಿಡಿದರೆ ಹಲಗೆ ನೀರು ಬಿಟ್ಟು ಮೇಲೇಳುತ್ತದೆ. ಆಮೇಲೆ ಸದ್ದಿಲ್ಲ, ಗದ್ದಲವಿಲ್ಲ, ಅಲೆಯಿಂದ ಅಲೆಗೆ ತೇಲುವುದೊಂದೇ. ಐವತ್ತರ ಹತ್ತಿರದ ಹೆಂಗಸು, ತೂಕಕ್ಕೇನೂ ಕೊರತೆಯಿಲ್ಲ. ಮೊದಲ ಸಲ ಮೇಲೆದ್ದಾಗ ನೀರಿನ ಮಧ್ಯೆ ಒಬ್ಬಳೇ ಗಟ್ಟಿಯಾಗಿ ನಕ್ಕುಬಿಟ್ಟಿದ್ದಳು.

ಆದರೆ ಈ ಆಟಕ್ಕೆ ವ್ಯಾನು ಬೇಕು. ಗಾಳಿ ಒಂದೇ ಕಡೆಗೆ ತಳ್ಳುವುದರಿಂದ, ಗಾಳಿ ಬರುವ ಕಡೆಯ ಮೇಲಿನ ದಕ್ಕೆಯಲ್ಲಿ ಇಳಿಸಿ ಬರುವವರು ಯಾರಾದರೂ ಇರಲೇಬೇಕು. ಗುಂಪಿಗೆ ಒಂದೇ ವ್ಯಾನು, ಸೀಟಿಗೆ ಕಾದಿರುವವರು ಬೇಕಾದಷ್ಟು. ಹಾಗಾಗಿ ಒಂದು ನಿಯಮ ಮಾಡಿಕೊಂಡಿದ್ದರು: ಕೆಳಗಿನ ದೀಪಸ್ತಂಭದವರೆಗೆ ಹಲಗೆಯ ಮೇಲೆ ಬಾರದೆ, ಕಾವಲಿಗೆ ಹಿಂದೆ ಬರುವ ದೋಣಿಯವನಿಂದ ಎತ್ತಿಸಿಕೊಂಡವರಿಗೆ ಆ ವರ್ಷ ಸೀಟಿಲ್ಲ. ಬಂದು ನೀರಿಗಿಳಿಯದೆ ಉಳಿದವರಿಗೂ ಇಲ್ಲ. ಹೋದ ವರ್ಷ ಛೀಯಕ್ಕನ ಸೀಟು ಹಾಗೇ ಹೋಗಿತ್ತು. ಈ ಸಲ ಮತ್ತೆ ಸಿಕ್ಕಿತ್ತು, ಪ್ರಾಣ ಹೋದರೂ ಬಿಡಬಾರದು ಎಂದುಕೊಂಡಿದ್ದಳು.

ಅವಳಿಗೆ ಹೇಸಿಗೆಯಾಗುತ್ತಿದ್ದದ್ದು ಆ ಗುಂಪಿನ ಬಾಲದ ಬಡಾಯಿ ಕಂಡು. ಬಾಲ ಚಿಕ್ಕದಾದಷ್ಟೂ ನೀರಿನ ಎಳೆತ ಕಡಿಮೆ, ಓಟ ಜಾಸ್ತಿ, ನಿಜ. ಆದರೆ ಮಂದ ಗಾಳಿಯಲ್ಲಿ ಅಲೆಗೇ ಜೀವವಿರುವುದಿಲ್ಲ. ನಿಧಾನದಲ್ಲಿ ಹಲಗೆಯನ್ನು ಎತ್ತಿ ಹಿಡಿಯಲು, ಮೂತಿ ಕುಸಿಯದ ಹಾಗೆ ನಿಲ್ಲಿಸಲು ದೊಡ್ಡ ಬಾಲವೇ ಬೇಕು, ಅದರಲ್ಲೂ ಮೈ ಭಾರವಿರುವವರಿಗೆ. ಮೊದಲು ಏಳಬೇಕಲ್ಲ, ಆಮೇಲೆ ತಾನೇ ಓಟ! ಆದರೆ ದೊಡ್ಡ ಬಾಲ ಹಾಕಿದವರು ಕಲಿಯುವವರು ಎಂದು ಅಲ್ಲಿ ಲೆಕ್ಕ. ಗಂಡಸರೆಲ್ಲ ಬಾಲಕ್ಕೆ ಬಟ್ಟೆಯ ಗವಸು ತೊಡಿಸಿಯೇ ದಡಕ್ಕೆ ತರುತ್ತಿದ್ದರು, ಸೊಂಟದವರೆಗೆ ನೀರಿಗಿಳಿದ ಮೇಲೆ ಗವಸು ತೆಗೆಯುತ್ತಿದ್ದರು. ರೆಕ್ಕೆಗೆ ಗೀರು ಬೀಳಬಾರದಂತೆ! ಆ ಗವಸುಗಳನ್ನು ಹೊಲಿದುಕೊಟ್ಟವಳೂ, ಒಗೆದುಕೊಡುವವಳೂ ಛೀಯಕ್ಕನೇ.

ಆ ದಿನ ಗಾಳಿ ಇದ್ದೂ ಇಲ್ಲದ ಹಾಗಿತ್ತು. ಯಾರು ನಕ್ಕರೂ ಸರಿ, ದೊಡ್ಡ ಬಾಲವೇ ಎಂದು ಅವಳು ವ್ಯಾನಿನಲ್ಲೇ ತೀರ್ಮಾನಿಸಿದ್ದಳು. ದಕ್ಕೆಯ ಮೇಲೆ ಚೀಲ ಬಿಚ್ಚಿದರೆ ಚಿಕ್ಕ ಬಾಲ ಮಾತ್ರ ಇದೆ. ಚೀಲವನ್ನು ತಲೆಕೆಳಗೆ ಮಾಡಿ ಕೊಡವಿದಳು. ತಿರುಪು ಬಿಗಿಯುವ ಕೀಲಿ ಬಿತ್ತು, ಒಂದು ಒದ್ದೆ ಟವೆಲು ಬಿತ್ತು.

"ಏನತ್ತಿಗೆ, ಏನ್ ಹುಡುಕ್ತಿದ್ದೀರಾ?" ಎಂದ ಮೈದುನ.

"ನನ್ ದೊಡ್ಡ ಬಾಲ ಕಾಣಿಸ್ತಿಲ್ಲ ಕಣೋ. ನಿನ್ನೆ ನಾನೇ ಇಟ್ಟಿದ್ದೆ."

"ಒಳ್ಳೇದೇ ಆಯ್ತು ಬಿಡಿ. ಗಾಳಿ ಕಮ್ಮಿ ಇದ್ದಾಗ ಎಳೆತ ಇರ್ಲೇಬಾರ್ದು. ಚಿಕ್ಕದೇ ಹಾಕಿ. ನಾನೂ ಚಿಕ್ಕದೇ ಹಾಕಿರೋದು."

ತನ್ನ ಮರೆವಿಗೆ ತಾನೇ ಶಾಪ ಹಾಕುತ್ತಾ ಛೀಯಕ್ಕ ಚಿಕ್ಕದನ್ನೇ ಬಿಗಿದಳು. ನೀರಿನಲ್ಲಿ ಆಗುವುದೆಲ್ಲ ಆಯಿತು. ಹುಟ್ಟು ಹಾಕಿ ಹಾಕಿ ಹೆಗಲು ಸೋತುಹೋಯಿತು. ಹಲಗೆ ಒಂದು ಗೇಣು ಮೇಲೇಳುತ್ತಿತ್ತು, ತೂಗಾಡಿ ಮೂತಿ ಕುಸಿಯುತ್ತಿತ್ತು, ಅವಳು ಮುಗ್ಗರಿಸಿ ಬೀಳುತ್ತಿದ್ದಳು. ಹತ್ತಬೇಕು, ನಿಲ್ಲಬೇಕು, ಮತ್ತೆ ಬೀಳಬೇಕು. ಕಣ್ಣೆದುರಿಗೇ ಮೈದುನ ಅನಾಯಾಸವಾಗಿ ಎದ್ದು ಸುಯ್ಯನೆ ಹೋದ. ಅವನ ತೂಕವೇನೂ ಕಮ್ಮಿಯಲ್ಲ! ಕೊನೆಗೆ ದೋಣಿಯವನು ಹತ್ತಿರ ಬಂದು ಕೈ ಚಾಚಿದ. ಅವಳಿಗೆ ಅಳು ಬಂತು, ಮುಖ ಹೇಗೂ ಒದ್ದೆಯಾಗಿತ್ತು.

ದೀಪಸ್ತಂಭದ ಕೆಳಗಿನ ಮರಳಿನಲ್ಲಿ ಹಲಗೆಗಳೆಲ್ಲ ಬೋರಲು ಬಿದ್ದಿದ್ದವು, ಬಾಲಗಳಿಗೆ ಆಗಲೇ ಗವಸು ಏರಿತ್ತು. ಗಂಡಸರು ಟವೆಲು ಸುತ್ತಿಕೊಂಡು ಓಟದ ಮಾತಾಡುತ್ತಿದ್ದರು. ಅವಳು ತಲೆ ತಗ್ಗಿಸಿ ದಾಟಿಹೋಗುವವಳು, ಮೈದುನನ ಹಲಗೆಯ ಹತ್ತಿರ ನಿಂತಳು. ಗವಸಿನ ಹೊಲಿಗೆ ಕಿತ್ತುಬರುವ ಹಾಗೆ ಬಿಗಿದಿತ್ತು. ಅವಳು ಹೊಲಿದದ್ದು ಚಿಕ್ಕ ಬಾಲದ ಅಳತೆಗೆ. ಬಟ್ಟೆ ಸುಳ್ಳು ಹೇಳುವುದಿಲ್ಲವೆಂದು ಲಾಂಡ್ರಿಯವಳಿಗೆ ಯಾರೂ ಹೇಳಿಕೊಡಬೇಕಿಲ್ಲ. ಬಗ್ಗಿ ಎಳೆದಳು.

ದೊಡ್ಡ ಬಾಲ. ತುದಿಯಲ್ಲಿ ಕೆಂಪು ಉಗುರುಬಣ್ಣದ ತೇಪೆ. ಅಲ್ಲಿ ಚೂರು ಎದ್ದಿದ್ದಕ್ಕೆ ಅವಳೇ ಅಂಟು ತುಂಬಿ ಬಳಿದಿದ್ದ ಬಣ್ಣ.

ಅವಳು ತಲೆಯೆತ್ತಿದಾಗ ಉಳಿದವರು ಒಬ್ಬೊಬ್ಬರಾಗಿ ತಮ್ಮ ತಮ್ಮ ಹಲಗೆಯ ಪಕ್ಕಕ್ಕೆ ಸರಿದು, ಗವಸಿನ ಮೇಲೆ ಕೈಯಿಟ್ಟು ನಿಂತಿದ್ದರು. ಅವಳು ಮೈದುನನ ಕಡೆ ತಿರುಗಿದಳು.

"ಛೀ! ಕದ್ಯೇನೋ? ಮನೆಯವಳ ಚೀಲಕ್ಕೇ ಕೈ ಹಾಕಿದ್ಯಲ್ಲೋ, ಥೂ ನಿನ್ನ!"

"ಕದ್ದಿಲ್ಲ ಅತ್ತಿಗೆ, ನಿಮ್ಮಾಣೆ," ಮೈದುನ ಹಲ್ಲು ಕಿರಿಯಲು ನೋಡಿದ, ಆಗಲಿಲ್ಲ. "ಅಣ್ಣನೇ ತೆಗ್ದು ಕೊಟ್ಟಿದ್ದು."

"ಯಾರು?"

"ಅಣ್ಣ. ಅವಳು ಹೇಗಿದ್ರೂ ಏಳಲ್ಲ, ನೀನಾದ್ರೂ ಹಾಕ್ಕೋ ಅಂದ."

ಅವಳು ಮರಳಿನಲ್ಲಿ ಕುಳಿತಳು. ಕೀಲಿ ತೆಗೆದು ಅವನ ಹಲಗೆಯಿಂದ ಬಾಲವನ್ನು ಬಿಚ್ಚಿ, ತನ್ನ ಹಲಗೆಗೆ ಬಿಗಿಯತೊಡಗಿದಳು. ಎರಡು ಸಲ ಮರಳಿಗೆ ಬಿದ್ದ ತಿರುಪನ್ನು ಊದಿ ಮತ್ತೆ ಹಾಕಿದಳು.

"ಸೀಟು ನಿಮ್ಗೇ ಇರ್ಲಿ ಅತ್ತಿಗೆ, ನಾನ್ ಎಲ್ರಿಗೂ ಹೇಳ್ತೀನಿ," ಎಂದ ಮೈದುನ.

"ಆ ಸೀಟಲ್ಲಿ ನೀನೇ ಕಾಲು ಚಾಚ್ಕೊಂಡು ಮಲಕ್ಕೋ."

ದೋಣಿಯವನು ರಾತ್ರಿ ದೋಣಿ ಕಟ್ಟುವುದು ಮೇಲಿನ ದಕ್ಕೆಯಲ್ಲೇ. "ಹತ್ತಿ ಅಕ್ಕ," ಎಂದ, "ದಕ್ಕೆಯಲ್ಲಿ ಇಳಿಸ್ತೀನಿ, ಇನ್ನೊಂದ್ಸಲ ಬನ್ನಿ. ನಿಮ್ ಹಿಂದೇನೇ ಇಲ್ಲೀವರೆಗೆ ಬಂದು ಆಮೇಲೆ ವಾಪಸ್ ಹೋಗ್ತೀನಿ. ಬೆಳಕಿದೆ ಇನ್ನೂ."

ದಕ್ಕೆ ತಲುಪುವಷ್ಟರಲ್ಲಿ ಗಾಳಿ ಮೊದಲಿಗಿಂತಲೂ ಸೊರಗಿತ್ತು. ಅವಳು ಅವಸರ ಮಾಡಲಿಲ್ಲ. ಹಿಂದಿನಿಂದ ಬಂದ ಒಂದು ಬಡ ಅಲೆಯನ್ನು ನಂಬಿ ಹುಟ್ಟು ಹಾಕಿದಳು. ಹಲಗೆ ಎದ್ದಿತು, ತೂಗಾಡಲಿಲ್ಲ, ನಿಂತಿತು. ದೀಪಸ್ತಂಭದವರೆಗೆ ಒಂದು ಸಲವೂ ಬೀಳಲಿಲ್ಲ. ವ್ಯಾನು ಹೊರಟುಹೋಗಿತ್ತು, ನೋಡಲು ಯಾರೂ ಇರಲಿಲ್ಲ. ಅವಳಿಗೆ ನಗು ಬರಲಿಲ್ಲ. 'ಏಳಲ್ಲ' ಎಂಬ ಮಾತು ಅಲ್ಲಿಯವರೆಗೂ ಜೊತೆಗೇ ಬಂದಿತ್ತು. ಹಲಗೆಯನ್ನು ದೋಣಿಯವನಿಗೆ ಒಪ್ಪಿಸಿ, ಬಾಲವನ್ನು ಬಿಚ್ಚಿ ಟವೆಲಿನಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಮನೆಗೆ ಬಂದಳು.

ಗಂಡ ಇಸ್ತ್ರಿ ಮೇಜಿನ ಹಿಂದೆ ನಿಂತಿದ್ದ. ತಮ್ಮನ ಫೋನು ಬಂದಿರಬೇಕು, ಅವಳ ಮುಖ ನೋಡದೆ ಅಂಗಿಯ ಒಂದೇ ತೋಳನ್ನು ಮತ್ತೆ ಮತ್ತೆ ಉಜ್ಜುತ್ತಿದ್ದ. "ಬಂದ್ಯಾ?" ಎಂದು, ಛೀಗಾಗಿ ಕಾದು ನಿಂತ. ಮದುವೆಯಾದಾಗಿನಿಂದ ಅದನ್ನು ಕೇಳಿ ಅಭ್ಯಾಸವಾಗಿತ್ತು. ಒಂದು ಸಲ ಉಗಿದರೆ ಆಮೇಲೆ ಊಟಕ್ಕೆ ಕೂರಬಹುದಿತ್ತು.

ಅವಳು ಬಾಲವನ್ನು ಒರೆಸಿ ಒಣಗಿಸಿದಳು. ಕಪಾಟು ತೆಗೆದು ತನ್ನ ಬಟ್ಟೆಗಳ ಕೆಳಗಿಟ್ಟಳು. ಆ ಕಪಾಟಿನ ಬೀಗದ ಕೈ ಎಂದಿನಿಂದಲೂ ಬಾಗಿಲಲ್ಲೇ ತೂಗುತ್ತಿತ್ತು, ಯಾರೂ ತಿರುಗಿಸಿದವರಲ್ಲ. ಈಗ ತಿರುಗಿಸಿದರೆ ತುಕ್ಕು ಹಿಡಿದು ಕಿರ್ರೆಂದಿತು. ಅವಳು ಬಲವಾಗಿ ತಿರುಗಿಸಿ, ಬೀಗದ ಕೈಯನ್ನು ಜೇಬಿಗೆ ಹಾಕಿಕೊಂಡಳು.

"ಬೈದಾದ್ರೂ ಬಿಡೇ," ಎಂದ ಗಂಡ.

"ವಕೀಲರ ಕೋಟು ನಾಳೆ ಎಷ್ಟೊತ್ತಿಗೆ ಬೇಕಂತೆ?" ಎಂದು ಕೇಳಿದಳು ಅವಳು, ಗಿರಾಕಿಯೊಬ್ಬನನ್ನು ಕೇಳುವಷ್ಟೇ ಮರ್ಯಾದೆಯಿಂದ.