ಒಂದೇ ಬುಟ್ಟಿಯ ರೊಟ್ಟಿ

ಭಕ್ತಿಗೆ ಹೊಸ ಜೀವ ತುಂಬುವ ಉಜ್ಜೀವನ ಕೂಟವೆಂದರೆ ನಮ್ಮ ಕ್ರೈಸ್ತ ಸಭೆಗೆ ನೆಗಡಿ ಬಂದಂತೆ. ಮೂರು ದಿನ ಜೋರಾಗಿದ್ದು ನಾಲ್ಕನೆಯ ದಿನ ತಾನಾಗಿ ಇಳಿಯುತ್ತಿತ್ತು. ಎಪ್ಪತ್ತರ ದಶಕ ಮುಗಿಯುತ್ತಿದ್ದ ಆ ವರ್ಷ ಮಾತ್ರ ಬೇಗ ಇಳಿಯಲಿಲ್ಲ. ನಾನಾಗ ಹರಪನಹಳ್ಳಿಯ ಒಂದು ಪ್ರಾಥಮಿಕ ಶಾಲೆಯಲ್ಲಿ ಶಿಕ್ಷಕಿ. ನಮ್ಮ ಓಣಿಯ ಪುಟ್ಟ ಸಭೆಯ ಸ್ತ್ರೀಯರ ಕೂಟಕ್ಕೆ ಕಾರ್ಯದರ್ಶಿ. ದುಂಡಗೆ ಬರೆಯುತ್ತೇನೆ ಎಂಬ ಕಾರಣಕ್ಕೆ ಸಿಕ್ಕ ಹುದ್ದೆ ಅದು, ಭಕ್ತಿಯ ಕಾರಣಕ್ಕಲ್ಲ.

ದಾವಣಗೆರೆ ಕಡೆಯಿಂದ ಬಂದಿದ್ದ ಬೋಧಕರು ಮೂರು ಸಂಜೆಯೂ ಒಂದೇ ಮಾತನ್ನು ಹಿಡಿದು ಕೂತರು: ಆದಿಸಭೆಯವರಂತೆ ಆಗಿರಿ. ಆ ಮೊದಲ ಕಾಲದ ವಿಶ್ವಾಸಿಗಳು ಹೊಲಮನೆ ಮಾರಿ ಇಲ್ಲದವರಿಗೆ ಹಂಚಿದರಂತೆ, ದಿನಾ ಒಬ್ಬೊಬ್ಬರ ಮನೆಯಲ್ಲಿ ಕೂಡಿದರಂತೆ, ರೊಟ್ಟಿ ಮುರಿದು ಒಟ್ಟಿಗೆ ಉಂಡರಂತೆ. ನಾವೆಲ್ಲ ಅತ್ತೆವು. ಮುಂದಿನ ಭಾನುವಾರ ಕಣ್ಣೊರೆಸಿಕೊಂಡು ಸಮಿತಿ ಮಾಡಿದೆವು.

ಹೊಲ ಮಾರುವ ಮಾತನ್ನು ಆತ್ಮಿಕ ಅರ್ಥದಲ್ಲಿ ತೆಗೆದುಕೊಳ್ಳಬೇಕೆಂದು ಹೊಲ ಇದ್ದವರು ವಿವರಿಸಿದರು. ಹೊಲ ಇಲ್ಲದವರ ಅಭಿಪ್ರಾಯವನ್ನು ಯಾರೂ ಕೇಳಲಿಲ್ಲ. ಮನೆಮನೆಯಲ್ಲಿ ಕೂಡುವ ವಿಷಯ ಬಂದಾಗ ಎಲ್ಲರಿಗೂ ತಂತಮ್ಮ ಪಡಸಾಲೆ ಬಹಳ ಚಿಕ್ಕದೆಂದು ನೆನಪಾಯಿತು. ನನ್ನದೂ ಚಿಕ್ಕದಾಯಿತು. ಕೊನೆಗೆ ಉಳಿದದ್ದು ರೊಟ್ಟಿ. ಅದು ಹೇಗೂ ದಿನಾ ಬಡಿಯುವುದೇ ಆದ್ದರಿಂದ ಯಾರೂ ತಕರಾರು ತೆಗೆಯಲಿಲ್ಲ.

ಒಟ್ಟಿಗೆ ಉಣ್ಣುವುದು ನಮಗೇನೂ ಹೊಸದಲ್ಲ. ತಿಂಗಳ ಮೊದಲ ಭಾನುವಾರ ಆರಾಧನೆ ಮುಗಿದ ಮೇಲೆ ಪ್ರೀತಿಭೋಜನ ಇರುತ್ತಿತ್ತು. ಪ್ರತಿ ಮನೆಯವರೂ ತಮ್ಮ ಬುತ್ತಿ ತಂದು, ತಮ್ಮ ಚಾಪೆ ಹಾಸಿ, ತಮ್ಮವರ ಜೊತೆ ದುಂಡಗೆ ಕೂತು, ಬೇರೆಯವರಿಗೆ ಬೆನ್ನು ಕೊಟ್ಟು ಉಣ್ಣುತ್ತಿದ್ದೆವು. ಪ್ರೀತಿ ಬುತ್ತಿಯೊಳಗೇ ಇರುತ್ತಿತ್ತು. ತೆಲಿಗಿ ಕಡೆಯಿಂದ ಬಸ್ಸಿಗೆ ಬರುವ ಕೂಲಿಯ ಜನ ಅಂಗಳದ ಬೇವಿನ ಮರದ ಕೆಳಗೆ ಕೂರುತ್ತಿದ್ದರು. ಅಲ್ಲಿ ಕೂರಿರೆಂದು ಅವರಿಗೆ ಯಾರೂ ಹೇಳಿರಲಿಲ್ಲ. ಒಳಗೆ ಬನ್ನಿರೆಂದೂ ಹೇಳಿರಲಿಲ್ಲ. ನಾವು ಒಳಗಿನವರೆಲ್ಲ ಎರಡು ತಲೆಮಾರಿನ ಕ್ರೈಸ್ತರು. ನಮ್ಮ ಅಜ್ಜ ಯಾವ ಓಣಿಯಿಂದ ಬಂದವನೆಂಬುದನ್ನು ಚೆನ್ನಾಗಿ ಮರೆತಿದ್ದೆವು. ಬೇರೆಯವರ ಓಣಿ ಮಾತ್ರ ನೆನಪಿತ್ತು.

ಬೇವಿನ ಮರದ ಕೆಳಗಿನವರಲ್ಲಿ ಒಬ್ಬ ಮುದುಕಿ ಇದ್ದಳು. ಗಂಡ ಸತ್ತವಳು, ಮಕ್ಕಳಿಲ್ಲ. ಹಿಂದಿನ ವರ್ಷವಷ್ಟೇ ದೀಕ್ಷಾಸ್ನಾನ ತೆಗೆದುಕೊಂಡಿದ್ದಳು. ಜೋಳ ಕೊಯ್ಯುವಾಗ ಪಕ್ಕದವಳ ಕುಡುಗೋಲು ತಾಗಿ ಅವಳ ಬಲಗೈಯ ಕಿರುಬೆರಳು ಮಡಚದಂತಾಗಿತ್ತು. ಸಮಿತಿಯ ಸುದ್ದಿ ಕೇಳಿ ನನ್ನ ಹತ್ತಿರ ಬಂದು, ತಾನೂ ರೊಟ್ಟಿ ತರಬಹುದೋ ಎಂದು ವಿಚಾರಿಸಿದಳು. ಎಲ್ಲರೂ ತರಬೇಕು ಎಂದೆ.

“ಈ ದೇವರಿಗೆ ಬಂದಾಗಿಂದ ನಮ್ಮೋರು ನನ್ನ ಕೈಯಾಗಿಂದು ಉಣ್ಣಂಗಿಲ್ರಿ ಅಕ್ಕಾರ,” ಎಂದಳು. “ಒಬ್ಬಾಕಿಗೇ ರೊಟ್ಟಿ ಬಡದು ಒಬ್ಬಾಕೀನ ಉಣ್ಣಾದು ಸಾಕಾಗೇತಿ. ಇಲ್ಲ್ಯಾರ ಯಾರರ ಉಣ್ಣಲಿ.”

ನನಗೆ ಬಹಳ ಮರುಕವಾಯಿತು. ಮರುಕದ ಭರದಲ್ಲಿ ನನ್ನ ಬುದ್ಧಿ ಚುರುಕಾಗಿ ಸಮಿತಿಯ ಮುಂದೆ ಒಂದು ಉಪಾಯ ಇಟ್ಟೆ. ಪ್ರತಿ ಮನೆಯಿಂದ ಐದು ಜೋಳದ ರೊಟ್ಟಿ ತರುವುದು. ಎಲ್ಲವನ್ನೂ ಒಂದೇ ಬುಟ್ಟಿಗೆ ಹಾಕಿ, ಕಲೆಸಿ, ಬಿಳಿ ಬಟ್ಟೆ ಮುಚ್ಚುವುದು. ಪ್ರಾರ್ಥನೆಯಾದ ಮೇಲೆ ಸಾಲಾಗಿ ಬಂದು ಕೈಗೆ ಸಿಕ್ಕಿದ್ದನ್ನು ತೆಗೆದುಕೊಳ್ಳುವುದು. ಯಾವುದು ಯಾರ ಮನೆಯದೆಂದು ಯಾರಿಗೂ ಗೊತ್ತಾಗುವುದಿಲ್ಲ. ಗೊತ್ತಾಗದಿದ್ದರೆ ಭೇದವೂ ಇರುವುದಿಲ್ಲ. ನಮ್ಮ ಸಭೆಯ ಹಿರಿಯರು, ಆಸ್ಪತ್ರೆಯೊಂದರಲ್ಲಿ ಕಂಪೌಂಡರ್ ಆಗಿ ನಿವೃತ್ತರಾದವರು, ಇದು ಪವಿತ್ರಾತ್ಮನೇ ಕೊಟ್ಟ ಆಲೋಚನೆ ಎಂದರು. ನಾನು ತಲೆ ತಗ್ಗಿಸಿ ಅದನ್ನು ಒಪ್ಪಿಕೊಂಡೆ.

ನಮ್ಮ ಸೀಮೆಯಲ್ಲಿ ಹುಟ್ಟಿ, ಹಲ್ಲು ಬಂದಾಗಿನಿಂದ ರೊಟ್ಟಿ ತಿಂದು ಬೆಳೆದ ನಾನು ಇಂಥ ಉಪಾಯ ಹೂಡಿದೆನಲ್ಲ ಎಂದು ಈಗಲೂ ಹಣೆ ಚಚ್ಚಿಕೊಳ್ಳುತ್ತೇನೆ. ಇಲ್ಲಿ ರೊಟ್ಟಿ ನೋಡಿದರೆ ಬಡಿದ ಕೈ ಗೊತ್ತಾಗುತ್ತದೆ. ಒಬ್ಬಳ ರೊಟ್ಟಿ ನಡುವೆ ತೆಳ್ಳಗೆ, ಇನ್ನೊಬ್ಬಳದು ಅಂಚಿನಲ್ಲಿ ಸೀಳು, ಮತ್ತೊಬ್ಬಳದು ಹೆಂಚಿನ ಮೇಲೆ ಒಂದೇ ಕಡೆ ಕಪ್ಪು. ಹೊಲದಲ್ಲಿ ಹತ್ತು ಜನ ಬುತ್ತಿ ಬಿಚ್ಚಿದರೆ, ಇದು ಇಂಥವಳ ರೊಟ್ಟಿ ಎಂದು ಚಿಕ್ಕ ಮಕ್ಕಳೂ ಹೇಳುತ್ತವೆ. ಮುದುಕಿಯ ಮಡಚದ ಬೆರಳು ಅವಳ ರೊಟ್ಟಿಯ ಅಂಚಿನಲ್ಲಿ ಒಂದು ಗೀರು ಎಳೆಯುತ್ತಿತ್ತು. ಬೇವಿನ ಮರದ ಕಡೆ ತಿರುಗಿಯೂ ನೋಡದಂತಿದ್ದ ನಮಗೆ ಆ ಗೀರು ಹೇಗೋ ಗೊತ್ತಿತ್ತು.

ಆ ಭಾನುವಾರ ಎಲ್ಲರೂ ಒಳಗೇ ಕೂತರು. ಅದೇ ಒಂದು ಪವಾಡ. ಸಭಾಪಾಲಕರು ದೀರ್ಘವಾಗಿ ಪ್ರಾರ್ಥಿಸಿ ಬಟ್ಟೆ ಸರಿಸಿದರು. ಸಾಲು ಹೊರಟಿತು. ಮೊದಲು ಹಿರಿಯರ ಹೆಂಡತಿ. ಆಕೆ ಕಣ್ಣು ಅರ್ಧ ಮುಚ್ಚಿ, ತುಟಿಯಲ್ಲಿ ಸ್ತೋತ್ರ ಹೇಳುತ್ತ, ಅಂಗಡಿಯಲ್ಲಿ ಸೀರೆ ಮಗುಚುವ ಹಾಗೆ ಮೇಲಿನ ನಾಲ್ಕು ರೊಟ್ಟಿ ಮಗುಚಿ ಐದನೆಯದನ್ನು ತೆಗೆದುಕೊಂಡರು. ಅದು ಅವರದೇ ರೊಟ್ಟಿ. ಅವರ ಹಿಂದಿನವರೂ ಅಷ್ಟೇ ಭಕ್ತಿಯಿಂದ ಮಗುಚಿದರು. ಒಬ್ಬ ಹುಡುಗಿ ನೇರವಾಗಿ ಕೈಗೆ ಬಂದದ್ದನ್ನೇ ಎತ್ತಿದಳು. ಅವಳ ತಾಯಿ ಅದನ್ನು ಮೆಲ್ಲಗೆ ಬುಟ್ಟಿಗೆ ಮರಳಿಸಿ ಬೇರೆ ಕೊಟ್ಟಳು. ಕೈಗೆ ಸಿಕ್ಕಿದ್ದನ್ನೇ ಎಲ್ಲರೂ ತೆಗೆದುಕೊಂಡೆವು, ಸುಳ್ಳಲ್ಲ. ಏನು ಸಿಗಬೇಕೆಂಬುದು ಕೈಗೆ ಮೊದಲೇ ಗೊತ್ತಿತ್ತು.

ನನ್ನ ಸರದಿ ಬಂತು. ಕೈ ಹಾಕಿದೆ. ಬೆರಳಿಗೆ ಆ ಗೀರು ತಾಗಿತು. ನನಗೆ ಹಲ್ಲುನೋವಿದೆ, ದಪ್ಪ ರೊಟ್ಟಿ ಆಗಿಬರುವುದಿಲ್ಲ ಎಂದು ನನಗೆ ನಾನೇ ಹೇಳಿಕೊಂಡು ಪಕ್ಕದ್ದನ್ನು ಎಳೆದುಕೊಂಡೆ. ಹಲ್ಲುನೋವು ಇದ್ದದ್ದು ನಿಜ. ಹಿಂದಿನ ತಿಂಗಳು.

ಮುದುಕಿ ಬೇಕೆಂದೇ ಸಾಲಿನ ಕೊನೆಗೆ ನಿಂತಿದ್ದಳು. ಅವಳು ಬರುವ ಹೊತ್ತಿಗೆ ಬುಟ್ಟಿಯಲ್ಲಿ ಐದೇ ರೊಟ್ಟಿ ಇದ್ದವು, ಐದೂ ಗೀರಿನವು. ತೆಲಿಗಿಯಿಂದ ಅವಳ ಜೊತೆ ಬಸ್ಸಿಗೆ ಬಂದವರೂ ಅವನ್ನು ಬಿಟ್ಟಿದ್ದರು. ಒಳಗೆ ಕೂರಿಸಿದ ಮೇಲೆ ಅವರಿಗೂ ಒಳಗಿನವರ ಬುದ್ಧಿ ಬಂದಿತ್ತು. ಅವಳು ತನ್ನದೊಂದು ರೊಟ್ಟಿ ತೆಗೆದುಕೊಂಡು, ಗೋಡೆಯ ಹತ್ತಿರ ಕೂತು ಉಂಡಳು. ಉಳಿದ ನಾಲ್ಕನ್ನು ಹಿರಿಯರು ಎತ್ತಿ ತೋರಿಸಿ, ಅಂದು ಕರ್ತನು ಹಂಚಿದ ಐದು ರೊಟ್ಟಿಯನ್ನು ಐದು ಸಾವಿರ ಜನ ಉಂಡ ಮೇಲೆ ಹನ್ನೆರಡು ಬುಟ್ಟಿ ಮಿಕ್ಕಿದಂತೆ ಇಂದು ನಮ್ಮಲ್ಲೂ ಮಿಕ್ಕಿದೆ ಎಂದು ದೇವರಿಗೆ ಸ್ತೋತ್ರ ಹೇಳಿಸಿದರು. ನಾವು ಆಮೆನ್ ಅಂದೆವು. ನಾನೂ ಅಂದೆ.

ಅಂದು ಮನೆಗೆ ಬಂದು ಸತ್ಯವೇದ ತೆರೆದೆ. ಆದಿಸಭೆಯ ಕಥೆಯಲ್ಲಿ ಬೋಧಕರು ನಮಗೆ ಓದಿಸಿದ್ದು ಎರಡನೆಯ ಅಧ್ಯಾಯ. ನಾಲ್ಕು ಹಾಳೆ ಮಗುಚಿದರೆ ಆರನೆಯ ಅಧ್ಯಾಯದಲ್ಲಿ ಅವರೂ ಜಗಳಾಡಿಕೊಂಡದ್ದು ಇದೆ. ದಿನದ ಊಟ ಹಂಚುವಾಗ ಒಂದು ಕಡೆಯ ವಿಧವೆಯರನ್ನು ಬಿಟ್ಟುಬಿಡುತ್ತಿದ್ದರಂತೆ. ಹಾಗಾದರೆ ನಾವು ಆದಿಸಭೆಯಿಂದ ಏನೂ ಕಲಿತಿಲ್ಲವೆನ್ನಲಾಗದು. ಆರನೆಯ ಅಧ್ಯಾಯವನ್ನು ಓದದೆಯೇ ಬಾಯಿಪಾಠ ಮಾಡಿದ್ದೆವು. ವ್ಯತ್ಯಾಸ ಒಂದೇ. ಅಲ್ಲಿ ಗೊಣಗಾಟ ಎದ್ದಾಗ ಸಭೆಯ ಮುಂದಾಳುಗಳಾದ ಅಪೊಸ್ತಲರು ಎಲ್ಲರನ್ನೂ ಕರೆದು ತಪ್ಪನ್ನು ಸರಿಮಾಡಿದರು. ನಮ್ಮಲ್ಲಿ ಮುದುಕಿ ಗೊಣಗಲೂ ಇಲ್ಲ.

ಅವಳ ಪರವಾಗಿ ನಾನೇ ಹಿರಿಯರ ಬಳಿ ಹೋಗಿ ಗೊಣಗಿದೆ. ನನ್ನ ಕೈ ಮಾಡಿದ್ದನ್ನು ಬಿಟ್ಟು ಬಾಕಿ ಎಲ್ಲ ಹೇಳಿದೆ. ಅವರು ಗಂಭೀರವಾಗಿ ಕೇಳಿಕೊಂಡರು. ಸಮಿತಿ ಸೇರಿ ಸಮಸ್ಯೆಯ ಮೂಲ ಹುಡುಕಿತು: ತಪ್ಪೆಲ್ಲ ರೊಟ್ಟಿಯದು. ಕೈಯ ಗುರುತಿಲ್ಲದ ಆಹಾರ ಬೇಕು. ಮುಂದಿನ ತಿಂಗಳಿನಿಂದ ಬೇಕರಿಯ ಬನ್ನು ಎಂದು ನಿರ್ಣಯವಾಯಿತು. ಅದನ್ನು ಬರೆದದ್ದೂ ನಾನೇ, ದುಂಡಗಿನ ಅಕ್ಷರದಲ್ಲಿ.

ಬನ್ನುಗಳು ಬಂದವು. ಎಲ್ಲ ಒಂದೇ ಗಾತ್ರ, ಒಂದೇ ಬಣ್ಣ, ಯಾರ ಕೈಯದೂ ಅಲ್ಲ. ಯಾರೂ ಮಗುಚಲಿಲ್ಲ. ಸಭೆಯಲ್ಲಿ ಸಮಾನತೆ ನೆಲೆಸಿತೆಂದು ಎಲ್ಲರಿಗೂ ಸಮಾಧಾನ. ಮುದುಕಿಗೆ ಬನ್ನಿನ ಸುದ್ದಿಯನ್ನು ಯಾರೂ ಮುಟ್ಟಿಸಿರಲಿಲ್ಲ. ಅದು ನನ್ನ ಕೆಲಸವಾಗಿತ್ತು. ಅವಳು ಐದು ರೊಟ್ಟಿಯ ಗಂಟನ್ನು ಬಿಚ್ಚದೆ ತೊಡೆಯ ಮೇಲೆ ಇಟ್ಟುಕೊಂಡು, ಮತ್ತೆ ಬೇವಿನ ಮರದ ಕೆಳಗೆ ಒಬ್ಬಳೇ ಕೂತಿದ್ದಳು.

ನಾನು ಹೋಗಿ ಪಕ್ಕದಲ್ಲಿ ಕೂತೆ. ನನಗೊಂದು ರೊಟ್ಟಿ ಕೊಡು ಎಂದೆ. ಅವಳು ನನ್ನ ಮುಖ ನೋಡಲಿಲ್ಲ, ನನ್ನ ಕೈ ನೋಡಿದಳು.

“ಅವತ್ತು ನಿಮ್ಮ ಕೈ ಬಂದಿತ್ರಿ ನನ್ನ ರೊಟ್ಟಿ ಮ್ಯಾಲೆ,” ಎಂದಳು. “ಹಿಂದ ನಿಂತು ನೋಡ್ತಿದ್ದೆ. ಅಕ್ಕಾರು ತಗಂತಾರ ಅನ್ಕಂಡಿದ್ದೆ.”

ಹಲ್ಲುನೋವಿನ ನೆಪ ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡೆ. ಅವಳು ಗಂಟು ಬಿಚ್ಚಿ, ಒಂದು ರೊಟ್ಟಿಯನ್ನು ಗೀರಿದ್ದ ಕಡೆಯಿಂದ ಎರಡಾಗಿ ಮುರಿದು ಅರ್ಧ ನನಗೆ ಕೊಟ್ಟಳು. ಒಳಗಿನಿಂದ ನಾಲ್ಕೈದು ಜನ ಬನ್ನು ಹಿಡಿದುಕೊಂಡೇ ನಮ್ಮನ್ನು ನೋಡುತ್ತಿದ್ದರು. ನಾನು ತಿಂದೆ. ರೊಟ್ಟಿ ಮೆತ್ತಗಿತ್ತು. ಹಲ್ಲು ನೋಯಲಿಲ್ಲ.