ಹೊಳೆಗೆ ಮೊದಲೇ ಉಡಿ ತುಂಬಿದ ಅತ್ತೆ

ಮಧ್ಯಾಹ್ನ ಉಂಡು ಮಂಚದ ಮೇಲೆ ಅಡ್ಡಾದಾಗಲೂ ನಮ್ಮ ಅತ್ತೆಯ ಬಲಗಾಲು ನೆಲದ ಮೇಲೇ ಇರುತ್ತಿತ್ತು. ಮೈಯೆಲ್ಲ ಮಂಚದಲ್ಲಿ, ಆ ಒಂದು ಕಾಲು ಮಾತ್ರ ಕೆಳಗೆ, ಒಡೆದ ಹಿಮ್ಮಡಿ ಫರಸಿಗೆ ಊರಿಕೊಂಡು. ನಿದ್ದೆಯಲ್ಲಿ ಗೊರಕೆ ಹೊಡೆಯುತ್ತಿದ್ದರೂ ಬೆರಳುಗಳು ಆಗಾಗ ನೆಲವನ್ನು ತಡವುತ್ತಿದ್ದವು. ಕಾಲು ಮೇಲೆ ತೆಗೆದುಕೊಳ್ಳಿರಿ, ಜೋಮು ಹಿಡಿದೀತು ಎಂದು ನಾನು ಹೇಳಿದರೆ ಕಣ್ಣು ತೆರೆಯದೆಯೇ ಉತ್ತರ ಬರುತ್ತಿತ್ತು.

"ಇರಲಿ ಬಿಡ ತಂಗಿ. ನೀರ ಬಂದ್ರ ಮೊದಲ ಕಾಲಿಗೆ ಗೊತ್ತಾಗ್ತೈತಿ."

ಈ ಹೆಂಗಸು ಮೊದಲು ಹೀಗಿರಲಿಲ್ಲ. ನಾನು ಗಡಹಿಂಗ್ಲಜದಿಂದ ಕುರುಂದವಾಡಕ್ಕೆ ಸೊಸೆಯಾಗಿ ಬಂದಾಗ ಗಲ್ಲಿಗೆಲ್ಲ ಅತ್ತೆಯದೇ ಗಂಟಲು. ಗಂಡ ತೀರಿಕೊಂಡ ಮೇಲೆ ಕಬ್ಬಿನ ಹೊಲ ನೋಡಿಕೊಂಡು, ಒಬ್ಬನೇ ಮಗನನ್ನು ಓದಿಸಿ, ಶಿರೋಳಿಯ ಫೌಂಡ್ರಿಯಲ್ಲಿ ಕೆಲಸಕ್ಕೆ ಹಚ್ಚಿದವರು. ನನಗೋ ಹೊಳೆಯೆಂದರೆ ಎದೆ ನಡುಕ. ಮನೆಯ ಮುಂದಿನ ಇಳಿಜಾರು ಮುಗಿದಲ್ಲಿ ಕೃಷ್ಣೆ ಕಾಣುತ್ತಿದ್ದಳು, ಮಳೆಗಾಲದಲ್ಲಿ ಕೆಂಪಗೆ, ಅಗಲವಾಗಿ. ನಾನು ಬಾಗಿಲಿಗೆ ಹೋಗಿ ಹೋಗಿ ನೋಡುವುದನ್ನು ಕಂಡು ಅವರು ನಗುತ್ತಿದ್ದರು. "ನಮ್ಮ ಸೊಸಿಗೆ ಹೊಳಿ ಅಂದ್ರ ಕೊಡದಾಗಿನ ನೀರಷ್ಟ ಗೊತ್ತು ನೋಡವ್ವ" ಎಂದು ಎದುರುಮನೆಯ ಕಾಕುವಿಗೆ ಕೂಗಿ ಹೇಳುತ್ತಿದ್ದರು. ಕಾಕು ಮರಾಠಿಯಲ್ಲಿ ನಗುತ್ತಿದ್ದಳು ಎಂದು ನನಗೆ ಅನಿಸುತ್ತಿತ್ತು. ಇಬ್ಬರೂ ನಲವತ್ತು ವರ್ಷಗಳಿಂದ ಗೆಳತಿಯರು. ಇವರು ಕನ್ನಡದಲ್ಲಿ ಬೈದರೆ ಅವಳು ಮರಾಠಿಯಲ್ಲಿ ಬೈಯುವಳು, ಸಂಜೆಗೆ ಇಬ್ಬರೂ ಒಂದೇ ಮೊರದಲ್ಲಿ ಅಕ್ಕಿ ಆರಿಸುವರು.

ನಮ್ಮ ಗಲ್ಲಿಯಲ್ಲಿ ಒಂದು ಪದ್ಧತಿಯಿತ್ತು. ಹೊಳೆ ಏರಿ ಮನೆಯ ಕೆಳಗಿನ ಮೆಟ್ಟಿಲಿಗೆ ಬಂದಾಗ ಗಲ್ಲಿಯ ಹಿರಿಯ ಮುತ್ತೈದೆ ಅದಕ್ಕೆ ಉಡಿ ತುಂಬಬೇಕು. ಹಸಿರು ಖಣ, ತೆಂಗಿನಕಾಯಿ, ಅಕ್ಕಿ, ಐದು ಅರಿಶಿನ ಕೊಂಬು, ಬಳೆ. ಹೊಳೆ ತವರಿಗೆ ಬಂದ ಮಗಳು, ಉಡಿ ತುಂಬಿಸಿಕೊಂಡರೆ ಸಂತೋಷವಾಗಿ ಹೊರಳಿ ಹೋಗುತ್ತಾಳೆ. ಅಷ್ಟಾಗುವ ತನಕ ಮನೆಯವರು ಮನೆ ಬಿಡುವಂತಿಲ್ಲ. ಮಗಳು ಬಾಗಿಲಿಗೆ ಬಂದಾಗ ಬೀಗ ಹಾಕಿಕೊಂಡು ಹೋಗುವ ತವರು ಯಾವುದು? ಹಿಂದೆ ಇದರಿಂದ ತೊಂದರೆಯಾಗಿರಲಿಲ್ಲವಂತೆ. ಹೊಳೆ ದಿನಕ್ಕೊಂದು ಮೆಟ್ಟಿಲು ಏರುತ್ತಿತ್ತು. ಉಡಿ ತುಂಬಿ, ಬುತ್ತಿ ಕಟ್ಟಿಕೊಂಡು ಹೋಗಲು ಬೇಕಾದಷ್ಟು ಹೊತ್ತು ಸಿಗುತ್ತಿತ್ತು.

ಆ ವರ್ಷ ಶ್ರಾವಣದಲ್ಲಿ ಮಳೆ ಬಿಡಲೇ ಇಲ್ಲ. ಅಂಥ ಮಳೆಯನ್ನು ಅತ್ತೆಯೂ ಕಂಡಿರಲಿಲ್ಲ. ಘಟ್ಟದ ಮೇಲೆ ಅಣೆಕಟ್ಟುಗಳು ತುಂಬಿ ಬಾಗಿಲು ತೆರೆದಿದ್ದಾರೆ ಎಂದು ಸುದ್ದಿ ಬಂತು. ಹೆದ್ದಾರಿಗೇ ನೀರು ಬಂದು ನನ್ನ ಗಂಡ ಶಿರೋಳಿಯಲ್ಲೇ ಸಿಕ್ಕಿಬಿದ್ದ. ಮನೆಯಲ್ಲಿ ನಾವಿಬ್ಬರು ಹೆಂಗಸರು, ನಾಲ್ಕು ವರ್ಷದ ನನ್ನ ಮಗಳು. ಬೆಳಿಗ್ಗೆ ರಿಕ್ಷಾದ ಭೋಂಗಾ ಗಲ್ಲಿಯಲ್ಲಿ ಕೂಗುತ್ತ ಹೋಯಿತು, ಎಲ್ಲರೂ ಮನೆ ಖಾಲಿ ಮಾಡಿರಿ ಎಂದು. ಕಾಕುವಿನ ಮಗ ಟ್ರ್ಯಾಕ್ಟರ್ ತಂದು ಗಲ್ಲಿಯ ತುದಿಯಲ್ಲಿ ನಿಲ್ಲಿಸಿ, ಮುದುಕರನ್ನೂ ಮಕ್ಕಳನ್ನೂ ಎತ್ತಿ ಎತ್ತಿ ಕೂರಿಸುತ್ತಿದ್ದ. ಅವನ ತಂದೆ ಹಿಂದಿನ ದಿನವೇ ಇಚಲಕರಂಜಿಗೆ ಹೋಗಿದ್ದರು.

ನಾನು ಮಗಳನ್ನು ಎತ್ತಿಕೊಂಡು ಹೊರಟು ನಿಂತಿದ್ದೆ. "ಬರ್ರಿ ಅತ್ತಿ, ನನಗ ಭಾಳ ಅಂಜಿಕಿ ಆಗಾಕತ್ತೈತಿ" ಎಂದು ಅತ್ತೇಬಿಟ್ಟೆ. ಅವರು ಮೆಟ್ಟಿಲ ಕಡೆ ಕೈ ಮಾಡಿದರು. ನೀರು ಇನ್ನೂ ಹತ್ತು ಮಾರು ಕೆಳಗಿತ್ತು.

ಅಷ್ಟರಲ್ಲಿ ಕಾಕು ಚೀಲ ಹಿಡಿದು ಹೊಸ್ತಿಲು ದಾಟಿದಳು. ಅತ್ತೆ ನಮ್ಮ ಕಿಟಕಿಯಿಂದಲೇ ಕೂಗಿದರು. "ಎಲ್ಲಿ ಹೊಂಟಿ? ಗಲ್ಲಿಗೆ ಹಿರೇ ಮುತ್ತೈದಿ ನೀನು. ನೀ ಹ್ವಾದ್ರ ಹೊಳಿಗೆ ಉಡಿ ತುಂಬಾವ್ರು ಯಾರು? ಮಧ್ಯಾಹ್ನತನಾ ತಡಿ, ಕೂಡೇ ಹೋಗೂಣು."

ಕಾಕು ಒಂದು ಗಳಿಗೆ ನಿಂತಳು. ಆಮೇಲೆ ಚೀಲ ಒಳಗಿಟ್ಟು, ಗಲ್ಲಿಯ ತುದಿಗೆ ಮುಖ ಮಾಡಿ ಮಗನಿಗೆ ಕೂಗಿದಳು, ಎರಡನೇ ಖೇಪಿಗೆ ಬರುತ್ತೇನೆ ಎಂದು. ಅವನು ಬೈದುಕೊಂಡು ಟ್ರ್ಯಾಕ್ಟರ್ ಹೊಡೆದುಕೊಂಡು ಹೋದ. ಎರಡನೇ ಖೇಪಿಗೆ ದಾರಿಯೇ ಉಳಿಯಲಿಲ್ಲ.

ನಾವಿಬ್ಬರು ಉಡಿಯ ತಟ್ಟೆ ಹಿಡಿದು ಮುಂಬಾಗಿಲಲ್ಲಿ ಕಾಯುತ್ತಿದ್ದೆವು, ಕಾಕು ಮಳೆಗೆ ಬಾಗಿಲು ಮುಚ್ಚಿಕೊಂಡು ತನ್ನ ಮನೆಯಲ್ಲಿದ್ದಳು. ನೀರು ಹಿತ್ತಲಿಂದ ಬಂತು. ಹಿಂದಿನ ಗಟಾರು ಉಕ್ಕಿ, ಅಡುಗೆಮನೆ ದಾಟಿ, ಸದ್ದಿಲ್ಲದೆ ಬಂದು ನಮ್ಮ ಹಿಮ್ಮಡಿ ಮುಟ್ಟಿತು. ಕಪ್ಪು ನೀರು, ಅದರ ಮೇಲೆ ನಮ್ಮದೇ ಹಿಟ್ಟಿನ ಡಬ್ಬಿ ತೇಲುತ್ತಿತ್ತು. ಆ ತಣ್ಣನೆಯ ಸ್ಪರ್ಶ ನೆನೆದರೆ ಇವತ್ತಿಗೂ ನನ್ನ ಕಾಲುಗಳು ಸೆಟೆದುಕೊಳ್ಳುತ್ತವೆ. ಅತ್ತೆ ತಟ್ಟೆ ಬಿಸಾಕಿ ಮಗುವನ್ನು ನನ್ನ ಕೈಯಿಂದ ಕಸಿದುಕೊಂಡು ಮಾಳಿಗೆಯ ಸ್ಲ್ಯಾಬಿನ ಮೇಲೆ ಹತ್ತಿದರು. ನಾನು ಹಿಂದೆಯೇ ಹತ್ತಿದೆ. ಕಾಕುವಿನದು ಮಣ್ಣಿನ ಗೋಡೆಯ, ತಗಡಿನ ಮನೆ. ಹತ್ತಲು ಮೇಲೇನೂ ಇರಲಿಲ್ಲ. ನೀರಿನ ಒತ್ತಡಕ್ಕೆ ಬಾಗಿಲು ಒಳಗಿನಿಂದ ತೆರೆಯಲಾಗಲಿಲ್ಲ. ಅವಳು ಅತ್ತೆಯ ಹೆಸರು ಹಿಡಿದು ಕೂಗಿದಳು. ಅತ್ತೆ ಇಳಿಯಲು ಹೋದರು, ನಾನು ಅವರ ಸೊಂಟ ಹಿಡಿದು ಎಳೆದೆ. ಕೂಗು ಕೇಳುತ್ತಲೇ ಇತ್ತು. ಆಮೇಲೆ ಗೋಡೆ ಕುಸಿದು ಕೂತಿತು.

ಸಂಜೆಯ ಒಳಗೆ ದೋಣಿ ಬಂತು. ಕಾಕು ಸಿಕ್ಕಿದ್ದು ನೀರಿಳಿದ ಮೇಲೆ.

ಆ ನಂತರ ಕಾಕುವಿನ ಮಗ ಎಲ್ಲರ ಮುಂದೆ ಒಂದೇ ಮಾತು ಹೇಳುತ್ತಿದ್ದ. "ನಮ್ಮ ಆಯಿ ಹಟಮಾರಿ. ಎಷ್ಟ್ ಹೇಳಿದ್ರೂ ಹತ್ತಲಿಲ್ಲ." ತಾಯಿಯ ಮೇಲಿನ ಸಿಟ್ಟು ಅವನಿಗೆ ಆರಲಿಲ್ಲ. ಅವನು ಹಾಗೆಂದಾಗಲೆಲ್ಲ ಅತ್ತೆ ತಲೆ ತಗ್ಗಿಸುತ್ತಿದ್ದರು. ಕಿಟಕಿಯಿಂದ ಕೂಗಿದ್ದು ಯಾರೆಂದು ಗೊತ್ತಿದ್ದವರು ನಾವಿಬ್ಬರೇ. ನಾನೂ ಬಾಯಿ ಬಿಡಲಿಲ್ಲ. ಹೇಳಿದರೆ ಅವನು ಏನು ಮಾಡಿಯಾನೋ ಎಂದು ಹೆದರಿದ್ದೆ.

ಅತ್ತೆಯ ಗಂಟಲು ಇಳಿದುಹೋಯಿತು. ಮೋಡ ಕಂಡರೆ ಊಟ ಬಿಡುವರು. ರೇಷನ್ ಕಾರ್ಡು, ಆಧಾರ್ ಕಾರ್ಡು, ಹೊಲದ ಉತಾರ, ಬಿಪಿ ಗುಳಿಗೆ ಎಲ್ಲವನ್ನೂ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಸೀರೆಯೊಳಗೆ ನಡುವಿಗೆ ಕಟ್ಟಿಕೊಂಡೇ ತಿರುಗುವರು. ನಡೆದರೆ ಚರಪರ ಸದ್ದು. ಹಲಕರ್ಣಿಯಲ್ಲಿದ್ದ ತಂಗಿಗೆ ದಿನಕ್ಕೆರಡು ಸಲ ಫೋನು, ನಿಮ್ಮಲ್ಲಿ ಮಳೆ ಎಷ್ಟು ಎಂದು. ಅಲ್ಲಿಯ ಮಳೆ ನಮ್ಮ ಹೊಳೆಗೆ ಬರುವುದಿಲ್ಲ ಎಂದು ನಾನು ತಿದ್ದಿದರೆ, "ಮೋಡ ಏನು ಹೊಳಿ ಕೇಳಿ ಬೀಳ್ತಾವೇನು?" ಎಂದು ನನ್ನ ಬಾಯಿ ಮುಚ್ಚಿಸುವರು. ನಗು ಬರುತ್ತಿತ್ತು, ಆದರೆ ನಗಲು ಧೈರ್ಯವಿರಲಿಲ್ಲ.

ಎರಡು ವರ್ಷಕ್ಕೆ ಮತ್ತೆ ಅಂಥದೇ ಮಳೆ. ಮೂರನೇ ದಿನ ಬೆಳಿಗ್ಗೆ ನೋಡಿದರೆ ಅತ್ತೆ ಉಡಿಯ ಸಾಮಾನು ಮಡಿಲಲ್ಲಿ ಹಾಕಿಕೊಂಡು ಇಳಿಜಾರು ಇಳಿಯುತ್ತಿದ್ದಾರೆ. ಹೊಳೆ ಇನ್ನೂ ಘಾಟಿನ ಮೆಟ್ಟಿಲ ಕೆಳಗೇ ಇತ್ತು. ನಾನು ಓಡಿದೆ. ಗಲ್ಲಿಯ ಹೆಂಗಸರೂ ಬಂದರು. ಅತ್ತೆ ಮಡಿಲು ಬಿಚ್ಚುವಾಗ ಅಕ್ಕಿ ಅರ್ಧ ಮೆಟ್ಟಿಲ ಮೇಲೇ ಚೆಲ್ಲಿತು.

"ನಮ್ಮವ್ವಾ, ನೀ ನಮ್ಮ ಬಾಗಿಲಿಗೆ ಬರಬ್ಯಾಡ. ನಾನ ಬಂದೇನಿ. ಇದನ್ನ ತಗೊಂಡು ಸುಮ್ನ ಹೋಗು" ಎಂದು ಖಣವನ್ನು ನೀರಿಗೆ ಬಿಟ್ಟರು.

ಹೆಂಗಸರಲ್ಲಿ ಗುಸುಗುಸು ಎದ್ದಿತು. ಹೊಳೆ ಬಾಗಿಲಿಗೆ ಬರುವ ಮೊದಲೇ ಉಡಿಯೇ? ಅದೂ ಗಂಡ ಸತ್ತವರು? ಒಬ್ಬಳು ಮುಖದ ಮೇಲೆಯೇ ಅಂದಳು, "ಇದು ಅಪಶಕುನ ಆತ್ರಿ. ನಾವಂತೂ ನೀರ ಮೆಟ್ಟಿಲಿಗೆ ಬರೂತನಾ ಮನಿ ಬಿಡೂದಿಲ್ಲ."

ಅತ್ತೆ ತಿರುಗಿದರು. ಎರಡು ವರ್ಷದಿಂದ ಕೇಳದಿದ್ದ ಗಂಟಲು ಹೊರಬಂತು. "ಮುತ್ತೈದಿ ಯಾರು, ಗಂಡ ಸತ್ತಾಕಿ ಯಾರು, ಹೊಳಿ ನೋಡ್ತಾಳೇನು? ಎಲ್ಲಾರನ್ನೂ ಒಂದ ಸಮಾ ಒಯ್ತಾಳ." ಅಷ್ಟರಲ್ಲಿ ಕಾಕುವಿನ ಮಗ ಟ್ರ್ಯಾಕ್ಟರ್ ನಿಲ್ಲಿಸಿ ಇಳಿದು ಬಂದಿದ್ದ. ಅವನನ್ನು ಕಂಡೂ ಅವರು ನಿಲ್ಲಿಸಲಿಲ್ಲ. ಸುಮ್ಮನಿರಿ ಎಂದು ನಾನು ಸೆರಗು ಜಗ್ಗಿದೆ. ಅವರು ಸೆರಗು ಕೊಡವಿಕೊಂಡರು.

"ಕೇಳ್ರಿ ಎಲ್ಲಾರೂ. ಇವನ ಅವ್ವ ಹಟಮಾರಿ ಆಗಿರಲಿಲ್ಲ. ಚೀಲಾ ಹಿಡಕೊಂಡು ಹೊಂಟಿದ್ಲು. ಉಡಿ ತುಂಬಿ ಹೋಗು ಅಂತ ನಿಂದ್ರಿಸಿದಾಕಿ ನಾನು. ಆಕೀನ್ನ ಕೊಂದಾಕಿ ನಾನು."

ಅವನು ಅತ್ತೆಯನ್ನೇ ನೋಡುತ್ತ ನಿಂತ. ಹೊಡೆಯುತ್ತಾನೆ ಅಂದುಕೊಂಡು ನಾನು ಮಧ್ಯಕ್ಕೆ ಹೋದೆ. ಅವನು ಎರಡೂ ಕೈಯಿಂದ ಮುಖ ಒರೆಸಿಕೊಂಡ. ಆಮೇಲೆ ಹೋಗಿ ಟ್ರಾಲಿಯ ಹಿಂದಿನ ಹಲಗೆ ಇಳಿಸಿದ.

"ಆಯಿ ಹತ್ತಲಿಲ್ಲ. ನೀವರೆ ಹತ್ರಿ" ಎಂದ.

ಅಪಶಕುನ ಎಂದವಳೇ ಮೊದಲು ಹತ್ತಿದಳು. ಮಧ್ಯಾಹ್ನದೊಳಗೆ ಗಲ್ಲಿ ಖಾಲಿಯಾಯಿತು. ಇಚಲಕರಂಜಿಯಲ್ಲಿ ಬಂಧುಗಳ ಮಗ್ಗದ ಶೆಡ್ಡಿನಲ್ಲಿ, ನಿಂತ ಮಗ್ಗಗಳ ನಡುವೆ ಚಾಪೆ ಹಾಸಿಕೊಂಡು ಎಂಟು ದಿನ ಇದ್ದೆವು. ಆ ಸಲ ನೀರು ನಮ್ಮ ಸ್ಲ್ಯಾಬಿನ ಮೇಲೆಯೂ ಹೋಯಿತು. ಹಿಂದಿನ ಸಲದಂತೆ ಅಲ್ಲಿ ಹತ್ತಿ ಕೂತಿದ್ದರೆ ನಾನಿರುತ್ತಿರಲಿಲ್ಲ, ನನ್ನ ಮಗಳೂ ಇರುತ್ತಿರಲಿಲ್ಲ. ಈಗ ಅವಳು ಶಾಲೆಗೆ ಹೋಗುವಾಗ ಬಾಗಿಲಲ್ಲಿ ನಿಂತು ನೋಡುತ್ತೇನೆ, ನೋಡಿದಷ್ಟೂ ಸಾಲದು.

ಈಗ ಮಳೆಗಾಲ ಬಂದರೆ ಗಲ್ಲಿಯವರು ನನ್ನನ್ನು ಕೇಳುತ್ತಾರೆ, ಯಾವಾಗ ಹೊರಡುವುದು ಎಂದು. ನನಗೆ ಹೊಳೆಯ ಅಂಜಿಕೆ ಕಡಿಮೆಯಾಗಿಲ್ಲ, ಹೆಚ್ಚಾಗಿದೆ. ಆ ಅಂಜಿಕೆಯನ್ನೇ ಕೇಳಿ ದಿನ ಹೇಳುತ್ತೇನೆ. ಒಂದೆರಡು ಸಲ ನೀರೇ ಬರದೆ ಬೈಸಿಕೊಂಡಿದ್ದೂ ಉಂಟು.

ಅತ್ತೆ ಹೋಗಿದ್ದು ಹೋದ ವರ್ಷ ಬೇಸಿಗೆಯಲ್ಲಿ, ಒಂದು ಹನಿ ಮಳೆಯಿಲ್ಲದ ದಿನ. ಉಸಿರಾಟ ಕಷ್ಟವಾಗಿ ನಾಲ್ಕು ದಿನ ಮಲಗಿದ್ದರು. ಕಾಕುವಿನ ಮಗ ದಿನವೂ ಬಂದು ಪಕ್ಕದಲ್ಲಿ ಕೂತು ಹೋಗುತ್ತಿದ್ದ. ಕೊನೆಯ ದಿನ ಅವನು ಎದ್ದು ಹೋದ ಮೇಲೆ, ಅವರ ಮನಸ್ಸು ಹಗುರಾಗಲೆಂದು ಕಿವಿಯ ಹತ್ತಿರ ಬಾಗಿ ಹೇಳಿದೆ, "ಅತ್ತಿ, ಅಂವ ಎಲ್ಲಾ ಮಾಫ್ ಮಾಡ್ಯಾನ್ರಿ."

ಅವರು ಬಹಳ ಹೊತ್ತು ಉಸಿರು ಕೂಡಿಸಿಕೊಂಡರು.

"ಅಂವ ಮಾಡ್ಯಾನ. ಆಕೀನ್ನ ಕೇಳಾಕ ಹೊಂಟೇನಿ."