ಮುದ್ರೆ ಬೀಳದ ಸೇತುವೆ

ಹ್ಯಾರಿಸ್ ಪಾರ್ಕಿನಿಂದ ಸರಿತಾ ಕಳಿಸಿದ ಮೂಲಂಗಿ ಉಪ್ಪಿನಕಾಯಿಯ ಮುಚ್ಚಳ ತೆಗೆದೆ. ಕ್ಲೇಟನ್ನಿನ ನನ್ನ ಪುಟ್ಟ ಅಡುಗೆಮನೆಯ ತುಂಬ ಸಾಸಿವೆ ಎಣ್ಣೆಯ ಘಾಟು. ಎದುರಿಗೆ ಲ್ಯಾಪ್‌ಟಾಪಿನಲ್ಲಿ, ಈ ಪರದೇಶದಲ್ಲಿ ಕಾಯಂ ನೆಲೆಸಲು ಹಾಕುವ ಪಿಆರ್ ಅರ್ಜಿ. ಹತ್ತು ವರ್ಷಗಳಲ್ಲಿ ಹೋಗಿಬಂದ ದೇಶಗಳನ್ನೆಲ್ಲ ಬರೆಯಬೇಕಾದ ಜಾಗದಲ್ಲಿ ಎರಡು ದಿನಗಳಿಂದ ನಿಂತಿದ್ದೇನೆ. ನೇಪಾಳಕ್ಕೆ ಹೋಗಿದ್ದೆ; ಪಾಸ್‌ಪೋರ್ಟಿನಲ್ಲಿ ಅದರ ಗುರುತೇ ಇಲ್ಲ. "ಬಿಟ್ಬಿಡಮ್ಮ, ಯಾರ್ ಕೇಳ್ತಾರೆ? ಸುಮ್ನೆ ಡೌಟ್ ಬರ್ಸಿ ಪಿಆರ್ ಕಳ್ಕೋಬೇಡ" ಎಂದಿದ್ದಾರೆ ಪರಿಚಯದ ಅಂಕಲ್ ಒಬ್ಬರು.

ಸರಿತಾ ಇದೇ ಮನೆ ಹಂಚಿಕೊಂಡು ನನ್ನ ಜೊತೆ ಓದಿದವಳು. ಅವಳ ಊರು ನೇಪಾಳದ ಅಂಚಿನಲ್ಲಿದೆ. ಮೇಚಿ ನದಿಯ ಸೇತುವೆ ದಾಟಿದರೆ ಇಂಡಿಯಾ. ಒಂದು ರಜೆಯಲ್ಲಿ ಅವಳೊಡನೆ ಹೋದೆ. ಇಲ್ಲಿ ನನ್ನ ಬಗ್ಗೆ ಒಂದು ಮಾತು ಹೇಳಿಬಿಡಬೇಕು: ಲೈಬ್ರರಿ ಕಾರ್ಡಿನ ಜೆರಾಕ್ಸನ್ನೂ ಜೋಪಾನವಾಗಿ ಇಟ್ಟುಕೊಳ್ಳುವವಳು ನಾನು. ರಿಕ್ಷಾ ಸೇತುವೆ ದಾಟುವಷ್ಟು ಹೊತ್ತೂ ಮಡಿಲಲ್ಲಿದ್ದ ಫೈಲಿನ ಕಾಗದಗಳನ್ನು ಜೋಡಿಸುತ್ತಿದ್ದೆ. ನದಿಯನ್ನು ನೋಡಲೇ ಇಲ್ಲ. ಆಚೆ ತುದಿಯ ಪೊಲೀಸಿನವನು ಪಾಸ್‌ಪೋರ್ಟಿನ ರಟ್ಟು ನೋಡಿ ಹೋಗಿ ಎಂದು ಕೈಬೀಸಿದ.

"ಸ್ಟ್ಯಾಂಪ್?" ಎಂದೆ, ಹಿಂದಿಯಲ್ಲಿ.

"ಇಂಡಿಯಾದವ್ರಿಗೆ ಅದೆಲ್ಲ ಇಲ್ಲ, ದೀದಿ. ದಾರಿ ಬಿಡಿ, ಹಿಂದೆ ಹುಲ್ಲಿನ ಗಾಡಿ ಬರ್ತಿದೆ."

ಸರಿತಾ ಮನೆ ಮುಟ್ಟುವವರೆಗೂ ನಕ್ಕಳು.

ಮರುದಿನ ಬೆಳಿಗ್ಗೆ ಅವಳ ಅಜ್ಜಿ ಚೀಲ ಹಿಡಿದು ಹೊರಟರು. ಇಂಡಿಯಾದ ಕಡೆ ಹೂಕೋಸು ಚೆನ್ನಾಗಿರುತ್ತದಂತೆ. ನಾನೂ ಎದ್ದು ಫೈಲ್ ಎತ್ತಿಕೊಂಡೆ. "ಅದ್ಯಾಕೆ ಮಗಳೇ? ತರಕಾರಿಗೆ ಈ ಚೀಲ ಸಾಕು" ಎಂದರು.

ಬರಿಗೈಯಲ್ಲಿ ನಡೆದಾಗಲೇ ಸೇತುವೆ ಕಂಡದ್ದು. ಕೆಳಗೆ ಕಣ್ಣು ಹಾಯುವಷ್ಟು ದೂರ ಬಿಳಿ ಮರಳು, ಅದರ ಮಧ್ಯೆ ಕವಲೊಡೆದು ಹರಿಯುವ ತೆಳು ನೀರು. ನಡುವೆ ನಿಂತು ಒಂದು ದೇಶ ಮುಗಿಯುವ ಜಾಗವನ್ನು ಹುಡುಕಿದೆ. ಸೈಕಲ್ಲುಗಳು, ಮೇಕೆಗಳು, ಸಮವಸ್ತ್ರದ ಮಕ್ಕಳು ಎಲ್ಲರೂ ಅದನ್ನು ತುಳಿದುಕೊಂಡೇ ಹೋಗುತ್ತಿದ್ದರು. ಎಷ್ಟೊಂದು ವೀಸಾ ಕೌಂಟರುಗಳ ಮುಂದೆ ಉಸಿರು ಬಿಗಿಹಿಡಿದು ನಿಂತವಳು ನಾನು. ಮೇಕೆಗಳ ಹಿಂದೆಯೇ ಹೆಜ್ಜೆ ಹಾಕಿದೆ. ದಾಟಿದ ಮೇಲೆ ಫೋನಿನ ಗಡಿಯಾರ ಕಾಲು ಗಂಟೆ ಹಿಂದಕ್ಕೆ ಹೋಯಿತು. ಅಷ್ಟೇ ಆದದ್ದು. ಅಜ್ಜಿ ಆಗಲೇ ಹೂಕೋಸಿನವನ ಜೊತೆ ಜಗಳಕ್ಕಿಳಿದಿದ್ದರು.

ಉಪ್ಪಿನಕಾಯಿಯ ಹೋಳೊಂದನ್ನು ಬಾಯಿಗಿಟ್ಟುಕೊಂಡು "ನೇಪಾಳ" ಎಂದು ಟೈಪ್ ಮಾಡಿದೆ. ಉದ್ದೇಶ, ಗೆಳತಿಯ ಮನೆ. ಆಮೇಲೆ ಆ ಬೆಳಗಿಗೂ ಒಂದು ಸಾಲು ಸೇರಿಸಿದೆ: ಇಂಡಿಯಾ, ಒಂದು ಗಂಟೆ, ತರಕಾರಿ ತರಲು. ಪುರಾವೆ ಎಂಬಲ್ಲಿ ಏನನ್ನೂ ಬರೆಯದೆ ಮುಂದಿನ ಪುಟಕ್ಕೆ ಹೋದೆ.